ಹತ್ತು ಸೆಕೆಂಡ್ ತಡವಾಗಿ ಹೊಡೆದ ಟೈಮರ್

ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕ್ರ್ಯಾಶ್ ಆಗಿ ಬಿದ್ದ ಜಾಗ ನೋಡಿದರೆ ಅಲ್ಲಿ ನಮ್ಮ ಕೋಡ್‌ನ ಒಂದು ಸಾಲೂ ಇರಲಿಲ್ಲ. ತಲೆನೋವು ಶುರುವಾಗಿದ್ದೇ ಅಲ್ಲಿಂದ.

ನಾನು ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಕಡೆ ಕೆಲಸ ಮಾಡುವವನು. ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಮಾಡ್ಯೂಲ್‌ಗಳಲ್ಲಿ ಒಂದು ಟನಲ್ ಮಾಡ್ಯೂಲ್ ಇತ್ತು. ಟನಲ್ ಅಂದರೆ ಒಂದು ನೆಟ್‌ವರ್ಕ್‌ನ ಪ್ಯಾಕೆಟ್‌ಗಳನ್ನು ಇನ್ನೊಂದರೊಳಗೆ ಸುತ್ತಿ ಸಾಗಿಸುವ ದಾರಿ. ಟನಲ್‌ನ ಆ ತುದಿಯಲ್ಲಿರುವ ಪ್ರತಿ ಯಂತ್ರಕ್ಕೂ ಇಲ್ಲಿ ಒಂದು ದಾಖಲೆ, ಅದೇ ಪೀರ್. ಪೀರ್‌ಗಳೆಲ್ಲ ಒಂದು ಹ್ಯಾಶ್ ಟೇಬಲ್‌ನಲ್ಲಿ, ಅಂದರೆ ಬೇಗ ಹುಡುಕಬಹುದಾದ ಪಟ್ಟಿಯಲ್ಲಿ. ಪ್ರತಿ ಪೀರ್‌ನ ಒಳಗೆ ಒಂದು ಟೈಮರ್. ಆ ಕಡೆಯಿಂದ 10 ಸೆಕೆಂಡ್ ಒಂದು ಪ್ಯಾಕೆಟ್ಟೂ ಬರದಿದ್ದರೆ ಟೈಮರ್ ಹೊಡೆಯುತ್ತದೆ, ಪೀರ್ ಟೇಬಲ್‌ನಿಂದ ಹೊರಗೆ ಹೋಗುತ್ತದೆ. ಪ್ಯಾಕೆಟ್ ಬಂದರೆ ಟೈಮರ್‌ಗೆ ಮತ್ತೆ 10 ಸೆಕೆಂಡ್ ಕೀಲಿ ಕೊಡುವುದು. ಅಷ್ಟೇ. ಬೋರ್ಡ್ ಮೇಲೆ ಬರೆದರೆ ಯಾರಿಗೂ ಇದರಲ್ಲಿ ತಪ್ಪು ಕಾಣಿಸದು.

ಯಂತ್ರಗಳು ಎರಡು ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ ಬೀಳುತ್ತಿದ್ದವು. ಪ್ರತಿ ಸಲವೂ ಬೇರೆ ಜಾಗದಲ್ಲಿ. ಒಮ್ಮೆ ಕರ್ನಲ್‌ನ ಟೈಮರ್ ಕೋಡ್‌ನ ಹೊಟ್ಟೆಯೊಳಗೆ. ಇನ್ನೊಮ್ಮೆ ಫೈಲ್ ಸಿಸ್ಟಮ್ ಯಾವುದೋ ಮೆಮೊರಿ ಕೇಳುವಾಗ. ಮತ್ತೊಮ್ಮೆ ಏನೂ ಸಂಬಂಧವಿಲ್ಲದ ಒಂದು ಲಿಸ್ಟ್‌ನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಫ್ರೀ ಮಾಡಿದ, ಅಂದರೆ ಬೇಡವೆಂದು ಹಿಂತಿರುಗಿಸಿದ ಮೆಮೊರಿ ಖಾಲಿ ಕೂರುವುದಿಲ್ಲ. ಮುಂದಿನ ಕ್ಷಣವೇ ಕೇಳಿದವರ ಕೈಗೆ ಹೋಗುತ್ತದೆ. ಹಳೆಯ ಒಡೆಯ ಇನ್ನೂ ಅದರಲ್ಲಿ ಬರೆಯುತ್ತಿದ್ದರೆ ಹೊಸ ಒಡೆಯನ ಲೆಕ್ಕ ಕೆಡುತ್ತದೆ, ಕ್ರ್ಯಾಶ್ ಆಗುವುದು ಅವನ ಮನೆಯಲ್ಲಿ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಅನುಮಾನ ಬಂದ ಕಡೆಯೆಲ್ಲ ಪ್ರಿಂಟ್‌ಕೆ (ಸಂದೇಶ ಬರೆಯುವ ಕರ್ನಲ್ ಫಂಕ್ಷನ್) ಹಾಕಿದೆ. ಕ್ರ್ಯಾಶ್ ನಿಂತೇಹೋಯಿತು! ಪ್ರಿಂಟ್‌ಕೆ ಕನ್ಸೋಲ್‌ಗೆ ಬರೆಯಲು ಸಮಯ ತಿನ್ನುತ್ತದೆ, ಅಷ್ಟರಲ್ಲಿ ಎರಡು ಸಿಪಿಯುಗಳ ಹೆಜ್ಜೆ ತಪ್ಪಿ, ಡಿಕ್ಕಿ ಹೊಡೆಯಬೇಕಾದವರು ಹೊಡೆಯದೆ ಹೋಗುತ್ತಾರೆ. ಪ್ರಿಂಟ್‌ಕೆ ತೆಗೆದೆ, ಮತ್ತೆ ಬಂತು. ಇದು ರೇಸ್, ಅಂದರೆ ಯಾರು ಮೊದಲು ತಲುಪುತ್ತಾರೆ ಎಂಬುದರ ಮೇಲೆ ಫಲ ಬದಲಾಗುವ ತಪ್ಪು, ಎಂದು ನಂಬಿದ್ದು ಆಗಲೇ. ಅಲ್ಲಿಯವರೆಗೆ ರ‍್ಯಾಮ್ ಕೆಟ್ಟಿರಬಹುದು ಎಂಬ ಆಸೆ ಸ್ವಲ್ಪ ಉಳಿದಿತ್ತು.

ಎರಡು ವಾರ ಕಾದು ಒಂದು ಕ್ರ್ಯಾಶ್ ನೋಡುವುದು ಆಗದ ಮಾತು. ಬಗ್ ಅನ್ನು ನಮ್ಮ ಟೇಬಲ್ ಮೇಲೆ ಕರೆಸಿಕೊಳ್ಳಬೇಕಿತ್ತು. ಕ್ಯೂಇಎಂಯು ವರ್ಚುವಲ್ ಯಂತ್ರ ಒಂದು, ಅದಕ್ಕೆ 8 ಸಿಪಿಯು. ಒಳಗೆ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗಿನ ಬೇರೆ ಬೇರೆ ನೆಟ್‌ವರ್ಕ್‌ಗಳು), ನಡುವೆ ವೆಥ್ ಜೋಡಿ (ಎರಡನ್ನೂ ಸೇರಿಸುವ ಕಾಲ್ಪನಿಕ ತಂತಿ), ಅದರ ಮೇಲೆ ನಮ್ಮ ಟನಲ್. ಒಂದು ಸ್ಕ್ರಿಪ್ಟ್ ಪೀರ್ ಸೇರಿಸುತ್ತ ತೆಗೆಯುತ್ತ ಸುತ್ತುತ್ತಿತ್ತು. ಇನ್ನೊಂದು ಅದೇ ಪೀರ್‌ಗಳ ಹೆಸರಲ್ಲಿ ಪ್ಯಾಕೆಟ್ ಸುರಿಯುತ್ತಿತ್ತು. 10 ಸೆಕೆಂಡ್‌ನ ಟೈಮರನ್ನು 1 ಸೆಕೆಂಡ್‌ಗೆ ಇಳಿಸಿದೆ. ಕರ್ನಲ್ ಕಟ್ಟುವಾಗ ಕಾಸಾನ್ ಹಾಕಿದೆ. 2015ರಲ್ಲಿ 4.0 ಕರ್ನಲ್ ಜೊತೆ ಬಂದ ಈ ಸಾಧನ ಪ್ರತಿ 8 ಬೈಟ್‌ಗೆ 1 ಬೈಟ್ ನೆರಳು ಇಟ್ಟುಕೊಂಡು, ಯಾರಾದರೂ ಫ್ರೀ ಆದ ಮೆಮೊರಿ ಮುಟ್ಟಿದರೆ ಅಲ್ಲೇ ಕೂಗುತ್ತದೆ. ಫ್ರೀ ಆದದ್ದನ್ನು ಸ್ವಲ್ಪ ಹೊತ್ತು ಯಾರಿಗೂ ಕೊಡದೆ ಬೇರೆ ಇಡುತ್ತದೆ ಕೂಡ. ಹಾಗಾಗಿ ಬರೆ ಎಮ್ಮೆಗೆ ಬೀಳುವುದಿಲ್ಲ.

ಒಂದು ರಾತ್ರಿ ಓಡಿದ ಮೇಲೆ ವರದಿ ಬಂತು. ಮೆಮೊರಿ ಪಡೆದದ್ದು: ಪೀರ್ ಸೇರಿಸುವ ಫಂಕ್ಷನ್. ಫ್ರೀ ಮಾಡಿದ್ದು: ಆರ್‌ಸಿಯು, ಅಂದರೆ ಓದುವವರೆಲ್ಲ ಹೋದ ಮೇಲೆ ಫ್ರೀ ಮಾಡುವ ಕರ್ನಲ್ ವ್ಯವಸ್ಥೆ (ವಿವರ ಮುಂದೆ). ಫ್ರೀ ಆದಮೇಲೆ ಮುಟ್ಟಿದ್ದು: ಸ್ವಾಪರ್, ಅಂದರೆ ಕೆಲಸವಿಲ್ಲದೆ ಸುಮ್ನೆ ಕೂತಿದ್ದ ಒಂದು ಸಿಪಿಯು. ಅದರ ಮೇಲೆ ಟೈಮರ್‌ಗಳನ್ನು ಹೊಡೆಸುವ ಕರ್ನಲ್ ಕೆಲಸ (ಟೈಮರ್ ಸಾಫ್ಟ್‌ಐಆರ್‌ಕ್ಯೂ) ಓಡಿ ನಮ್ಮ ಪೀರ್‌ನ ಟೈಮರ್ ಹೊಡೆದಿತ್ತು. ಪೀರ್ ಇರಲಿಲ್ಲ, ಟೈಮರ್ ಮಾತ್ರ ಇನ್ನೂ ಟಿಕ್ ಟಿಕ್ ಅನ್ನುತ್ತಿತ್ತು.

ಆದರೆ ಡಿಲೀಟ್ ಮಾಡುವ ಫಂಕ್ಷನ್‌ನಲ್ಲಿ ಟೈಮರ್ ನಿಲ್ಲಿಸುವ ಸಾಲು ಕಣ್ಣೆದುರೇ ಇದೆ! ನಿಲ್ಲಿಸಿದ ಗಡಿಯಾರ ಹೊಡೆದದ್ದು ಹೇಗೆ?

ನನ್ನ ಮೊದಲ ಊಹೆ ಇದು: ಅಲ್ಲಿರುವುದು ಡೆಲ್‌ಟೈಮರ್. ಅದು ಸರದಿಯಲ್ಲಿ ಕಾಯುತ್ತಿರುವ ಟೈಮರನ್ನು ತೆಗೆಯುತ್ತದೆ. ಬೇರೆ ಸಿಪಿಯು ಮೇಲೆ ಆಗಲೇ ಹೊಡೆಯಲು ಶುರು ಮಾಡಿದ್ದರೆ ಅದು ಮುಗಿಯುವವರೆಗೆ ಕಾಯುವುದಿಲ್ಲ. ಕಾಯುವುದು ಡೆಲ್‌ಟೈಮರ್‌ಸಿಂಕ್. ಸರಿ, ಸಿಂಕ್ ಅಂತ ಸೇರಿಸಿದರೆ ಮುಗೀತಲ್ವಾ? ಸೇರಿಸಿದೆ, ಬೂಟ್ ಮಾಡಿದೆ, ಸ್ಕ್ರಿಪ್ಟ್ ಓಡಿಸಿದೆ. ಲಾಕ್‌ಗಳ ತಪ್ಪು ಹಿಡಿಯುವ ಸಾಧನ ಲಾಕ್‌ಡೆಪ್ ಒಂದು ಉದ್ದನೆಯ ಎಚ್ಚರಿಕೆ ಬರೆಯಿತು. ನಾನು ಅದನ್ನು ಓದುವಷ್ಟರಲ್ಲಿ ಯಂತ್ರ ಕಲ್ಲಾಗಿ, ಸಿಪಿಯು 22 ಸೆಕೆಂಡ್‌ನಿಂದ ಸಿಕ್ಕಿಕೊಂಡಿದೆ ಎಂಬ ಸಾಲುಗಳು ಬರತೊಡಗಿದವು.

ಆಗಿದ್ದು ಇಷ್ಟು. ಡಿಲೀಟ್ ಮಾಡುವವನು ಟೇಬಲ್‌ನ ಸ್ಪಿನ್‌ಲಾಕ್ (ಒಮ್ಮೆಗೆ ಒಬ್ಬರನ್ನೇ ಬಿಡುವ ಬೀಗ) ಹಿಡಿದುಕೊಂಡೇ ಟೈಮರ್ ಮುಗಿಯಲಿ ಎಂದು ಕಾಯುತ್ತಾನೆ. ಟೈಮರ್ ಫಂಕ್ಷನ್ ಅದೇ ಲಾಕ್ ಸಿಗಲಿ ಎಂದು ಕಾಯುತ್ತದೆ. ಇಬ್ಬರೂ 'ನೀವು ಮೊದಲು' ಅನ್ನುತ್ತ ಬಾಗಿಲಲ್ಲೇ ನಿಂತರು. ಇನ್ನೂ ನಾಚಿಕೆಗೇಡಿನ ಸಂಗತಿ ಎಂದರೆ, 10 ಸೆಕೆಂಡ್ ಕಳೆದಾಗ ಟೈಮರ್ ಫಂಕ್ಷನ್ ತಾನೇ ಡಿಲೀಟ್ ಫಂಕ್ಷನ್ ಕರೆಯುತ್ತದೆ. ಅಂದರೆ ಟೈಮರ್ ತಾನು ಮುಗಿಯುವುದನ್ನು ತಾನೇ ಕಾಯುತ್ತ ಕೂರುತ್ತದೆ. ಮೂಲ ಲೇಖಕರು ಸಿಂಕ್ ಹಾಕದಿದ್ದದ್ದು ಮರೆವಿನಿಂದಲ್ಲ, ತಿಳಿದೇ. ಲಾಕ್‌ಡೆಪ್ 2006ರಿಂದ ಕರ್ನಲ್‌ನಲ್ಲಿದೆ. ಡೆಡ್‌ಲಾಕ್ ನಿಜವಾಗಿ ಆಗುವ ಮೊದಲೇ, ಲಾಕ್ ಹಿಡಿಯುವ ಕ್ರಮ ನೋಡಿ ಹೇಳಿಬಿಡುತ್ತದೆ. ಒಂದೇ ಒಂದು ಸಲ ಹೇಳಿ ಆಮೇಲೆ ಸುಮ್ಮನಾಗುತ್ತದೆ. ಹಾಗಾಗಿ ಮೊದಲ ವರದಿಯನ್ನು ಕಣ್ಣಿಟ್ಟು ಓದಬೇಕು. ನಾನು ಅದನ್ನು ಅರ್ಧ ಓದಿ ಬಿಟ್ಟಿದ್ದೆ.

ಎರಡನೇ ಪ್ರಯತ್ನಕ್ಕೆ ಮೊದಲು ಒಂದು ಹಾಳೆ ತೆಗೆದುಕೊಂಡೆ. ಎರಡು ಕಾಲಂ, ಎಡಕ್ಕೆ ಸಿಪಿಯು 0, ಬಲಕ್ಕೆ ಸಿಪಿಯು 1. ಮೇಲಿಂದ ಕೆಳಗೆ ಸಮಯ. ಎಡಗಡೆ ಡಿಲೀಟ್, ಬಲಗಡೆ ಟೈಮರ್ ಫಂಕ್ಷನ್. ಹೇಗೆ ಜೋಡಿಸಿದರೂ ತಪ್ಪು ಸಿಗಲಿಲ್ಲ. ಡೆಲ್‌ಟೈಮರ್ ಸೊನ್ನೆ ಕೊಟ್ಟರೆ ಟೈಮರ್ ಸರದಿಯಲ್ಲಿಲ್ಲ, ಇಲ್ಲಿ ಅದರರ್ಥ ಆಗಲೇ ಹೊಡೆಯಲು ಶುರು ಮಾಡಿದೆ. ಆಗ ಫ್ರೀ ಮಾಡುವ ಕೆಲಸವನ್ನು ಟೈಮರ್‌ಗೇ ಬಿಟ್ಟುಕೊಡುವಂತೆ ಕೋಡ್ ಬರೆದಿದ್ದರು. ಜಾಣತನದ ಕೋಡ್ ಅದು. ಅರ್ಧ ದಿನ ಈ ಎರಡು ಕಾಲಂ ಜೊತೆ ಗುದ್ದಾಡಿದ ಮೇಲೆ ಹೊಳೆಯಿತು: ವರದಿಯಲ್ಲಿ ಫ್ರೀ ಮಾಡಿದವರು, ಮುಟ್ಟಿದವರು ಇಬ್ಬರ ಹೆಸರಿದೆ ಅಂದ ಮಾತ್ರಕ್ಕೆ ಜಗಳದಲ್ಲಿ ಇಬ್ಬರೇ ಇದ್ದರು ಅಂತಲ್ಲ. ಕಾಸಾನ್ ಮುಟ್ಟಿದವರನ್ನು, ಪಡೆದವರನ್ನು, ಫ್ರೀ ಮಾಡಿದವರನ್ನು ಹೇಳುತ್ತದೆ. ಟೈಮರ್‌ಗೆ ಕೊನೆಯ ಸಲ ಕೀಲಿ ಕೊಟ್ಟವರು ಯಾರು ಅಂತ ಹೇಳುವುದಿಲ್ಲ.

ಮೂರನೇ ಕಾಲಂ ಎಳೆದೆ. ಪ್ಯಾಕೆಟ್ ಬರುವ ದಾರಿ.

ಸಿಪಿಯು 2 ಮೇಲೆ ಪ್ಯಾಕೆಟ್ ಬರುತ್ತದೆ. ಟೇಬಲ್‌ನಲ್ಲಿ ಹುಡುಕುತ್ತದೆ, ಪೀರ್ ಸಿಗುತ್ತದೆ. ಅಷ್ಟರಲ್ಲಿ ಸಿಪಿಯು 0 ಆ ಪೀರನ್ನು ಟೇಬಲ್‌ನಿಂದ ಬಿಡಿಸಿ, ಟೈಮರ್ ನಿಲ್ಲಿಸಿ, ಆರ್‌ಸಿಯು ಕೈಗೆ ಒಪ್ಪಿಸಿ ಹೊರಟುಹೋಗುತ್ತದೆ. ಈಗ ಸಿಪಿಯು 2 ತನ್ನ ಕೈಯಲ್ಲಿರುವ ಪಾಯಿಂಟರ್ ಹಿಡಿದು, ಟೈಮರ್‌ಗೆ ಕೀಲಿ ಕೊಡುವ ಮಾಡ್‌ಟೈಮರ್ ಕರೆಯುತ್ತದೆ. ನಿಂತ ಗಡಿಯಾರಕ್ಕೆ ಮತ್ತೆ 10 ಸೆಕೆಂಡ್ ಕೀಲಿ! ಆ ಕ್ಷಣದಲ್ಲಿ ಯಾವ ಅನಾಹುತವೂ ಇಲ್ಲ, ಮೆಮೊರಿ ಇನ್ನೂ ಜೀವಂತ. ಸಿಪಿಯು 2 ತನ್ನ ಕೆಲಸ ಮುಗಿಸುತ್ತದೆ. ಓದುವವರೆಲ್ಲ ಹೋದರು ಎಂದು ಆರ್‌ಸಿಯು ಪೀರನ್ನು ಫ್ರೀ ಮಾಡುತ್ತದೆ. ಹತ್ತು ಸೆಕೆಂಡ್ ಆದ ಮೇಲೆ, ಎಲ್ಲರೂ ಮನೆಗೆ ಹೋದ ಮೇಲೆ, ಗಡಿಯಾರ ಹೊಡೆಯುತ್ತದೆ.

ಆರ್‌ಸಿಯು ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. 2002ರಲ್ಲಿ 2.5.43ರ ಹೊತ್ತಿಗೆ ಕರ್ನಲ್‌ಗೆ ಬಂದ ಉಪಾಯ ಅದು. ಓದುವವರು ಲಾಕ್ ಹಿಡಿಯಬೇಕಿಲ್ಲ. ತೆಗೆಯುವವರು ಲಿಸ್ಟ್‌ನಿಂದ ಬಿಡಿಸಿ, ಆಗಲೇ ಒಳಗಿದ್ದ ಓದುಗರೆಲ್ಲ ಹೊರಬರುವವರೆಗೆ ಕಾದು ಫ್ರೀ ಮಾಡುತ್ತಾರೆ. ನೆಟ್‌ವರ್ಕ್ ಕೋಡ್ ತುಂಬ ಇದೇ ಇದೆ. ಪ್ರತಿ ಪ್ಯಾಕೆಟ್‌ಗೂ ಲಾಕ್ ಹಿಡಿದರೆ ಸಿಪಿಯುಗಳು ಸಾಲು ನಿಲ್ಲಬೇಕಾಗುತ್ತದೆ. ಆದರೆ ಅದು ಕೊಡುವ ಮಾತು ಒಂದೇ: ನೀವು ಒಳಗಿರುವವರೆಗೆ ಈ ಮೆಮೊರಿ ಇರುತ್ತದೆ. ಹೋಗುವಾಗ ನೀವು ಒಳಗೆ ಹಚ್ಚಿಟ್ಟು ಹೋದ ಟೈಮರ್ ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಾಳೆಯ ಮೇಲಿದ್ದದ್ದು ನಿಜವೇ ಎಂದು ನೋಡಲು, ಪೀರ್ ಹುಡುಕುವ ಸಾಲಿಗೂ ಮಾಡ್‌ಟೈಮರ್‌ಗೂ ನಡುವೆ 5 ಮಿಲಿಸೆಕೆಂಡ್ ಎಂಡಿಲೇ (ಸುಮ್ಮನೆ ಕಾಯಿಸುವ ಫಂಕ್ಷನ್) ತುರುಕಿದೆ. ಜೊತೆಗೆ ಡೀಬಗ್ ಆಬ್ಜೆಕ್ಟ್ಸ್‌ನ ಟೈಮರ್ ಆಯ್ಕೆಯನ್ನೂ ಹಚ್ಚಿದೆ. ಕೀಲಿ ಇರುವ ಟೈಮರನ್ನು ಫ್ರೀ ಮಾಡಿದರೆ ಅದು ಆಗಲೇ ಹಿಡಿಯುತ್ತದೆ, ಟೈಮರ್ ಹೊಡೆಯುವವರೆಗೆ ಕಾಯಬೇಕಿಲ್ಲ. ಒಂದು ರಾತ್ರಿ ಬೇಕಿದ್ದ ವರದಿ ಮೂರು ನಿಮಿಷಕ್ಕೆ ಬಂತು. ರೇಸ್ ಹುಡುಕುವುದರಲ್ಲಿ ನನಗೆ ಅತಿ ಖುಷಿ ಕೊಡುವ ಗಳಿಗೆ ಇದೇ. ಸರಿಪಡಿಸಿದಾಗಲೂ ಅಷ್ಟು ಖುಷಿ ಆಗುವುದಿಲ್ಲ.

ಇನ್ನು ಸರಿಪಡಿಸುವುದು ಸುಲಭ ಎಂದುಕೊಂಡೆ. ಪೀರ್‌ನಲ್ಲಿ ಡೆಡ್ ಎಂಬ ಗುರುತು ಮೊದಲೇ ಇತ್ತು. ಪ್ಯಾಕೆಟ್ ದಾರಿಯಲ್ಲಿ ಅದನ್ನು ನೋಡಿ, ಸತ್ತಿಲ್ಲದಿದ್ದರೆ ಮಾತ್ರ ಕೀಲಿ ಕೊಡು. ಒಂದೇ ಸಾಲು. ಎಂಡಿಲೇ ತೆಗೆದು ಓಡಿಸಿದೆ, ಒಂದು ದಿನ ಏನೂ ಆಗಲಿಲ್ಲ. ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿಯೂಬಿಟ್ಟೆ. ಮರುದಿನ ಕೆಸಿಸ್ಯಾನ್ ಹಾಕಿದ ಕರ್ನಲ್ ಆ ಗುರುತಿನ ಮೇಲೆ ಡೇಟಾ ರೇಸ್ ಇದೆ ಎಂದಿತು. ಕೆಸಿಸ್ಯಾನ್ ಡೇಟಾ ರೇಸ್ ಹುಡುಕುವ ಸಾಧನ, 2020ರಲ್ಲಿ 5.8 ಕರ್ನಲ್ ಜೊತೆ ಬಂದದ್ದು. ಒಂದು ವಿಳಾಸಕ್ಕೆ ಕಾವಲು ಹಾಕಿ, ಕೆಲವು ಹತ್ತು ಮೈಕ್ರೊಸೆಕೆಂಡ್ ಸುಮ್ನೆ ನಿಂತು, ಅಷ್ಟರಲ್ಲಿ ಬೇರೆ ಯಾರಾದರೂ ಅಲ್ಲಿಗೆ ಬರುತ್ತಾರಾ ಎಂದು ನೋಡುತ್ತದೆ. ನಾನು ಏನು ಮಾಡಿದೆ? ಓದುವ ಕಡೆ ರೀಡ್‌ವನ್ಸ್, ಬರೆಯುವ ಕಡೆ ರೈಟ್‌ವನ್ಸ್ ಹಚ್ಚಿದೆ. ಕೆಸಿಸ್ಯಾನ್ ಬಾಯಿ ಮುಚ್ಚಿತು.

ಬಗ್ ಮಾತ್ರ ಅಲ್ಲೇ ಇತ್ತು. ಗುರುತು ನೋಡುವುದಕ್ಕೂ ಕೀಲಿ ಕೊಡುವುದಕ್ಕೂ ನಡುವೆ ಇನ್ನೂ ಸಂದು ಇದೆ. ಆ ಸಂದಿಗೆ ಎಂಡಿಲೇ ಸರಿಸಿದಾಗ ಮತ್ತೆ ಮೂರೇ ನಿಮಿಷ. ಎರಡು ವಾರಕ್ಕೊಮ್ಮೆ ಬೀಳುತ್ತಿದ್ದದ್ದನ್ನು ಬಹುಶಃ ವರ್ಷಕ್ಕೊಮ್ಮೆ ಬೀಳುವ ಹಾಗೆ ಮಾಡಿದ್ದೆ ಅಷ್ಟೇ. ಅದು ಮೊದಲಿಗಿಂತ ಕೆಟ್ಟ ಸ್ಥಿತಿ, ಯಾಕೆಂದರೆ ಮುಂದಿನ ಸಲ ಯಾರೂ ಅದನ್ನು ಹಿಡಿಯಲಾರರು. ರೀಡ್‌ವನ್ಸ್ ಕಂಪೈಲರ್‌ಗೆ ಹೇಳುವ ಮಾತು: ಇದನ್ನು ಒಂದೇ ಸಲ ಓದು, ತುಂಡು ಮಾಡಬೇಡ, ನಿನ್ನ ಇಷ್ಟದಂತೆ ಎರಡು ಸಲ ಓದಬೇಡ. ಓದಿದ ಮೇಲೆ ಜಗತ್ತು ಬದಲಾಗದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಸಾಧನದ ಬಾಯಿ ಮುಚ್ಚಿಸಲು ಇದನ್ನು ಹಚ್ಚುವ ಪ್ಯಾಚ್‌ಗಳನ್ನು ನಾನು ಈಗ ಕಂಡರೆ ಎರಡು ಸಲ ಓದುತ್ತೇನೆ. ನಾನೇ ಬರೆದವನು ತಾನೆ.

ಕಳಿಸಿದ್ದ ಪ್ಯಾಚ್ ವಾಪಸ್ ತೆಗೆದುಕೊಂಡು, ಲಾಕ್ ಹಾಕಲು ಹೊರಟೆ. ಪ್ಯಾಕೆಟ್ ದಾರಿಯಲ್ಲಿ ಟೇಬಲ್ ಲಾಕ್ ಹಿಡಿದು, ಗುರುತು ನೋಡಿ, ಕೀಲಿ ಕೊಟ್ಟು, ಲಾಕ್ ಬಿಡು. ಸರಿಯಾದ ಪರಿಹಾರವೇ. ಆದರೆ ಎಂಟು ಸಿಪಿಯು ಒಂದೇ ಲಾಕ್‌ಗೆ ಮುಗಿಬಿದ್ದು ವೇಗ ನೆಲ ಕಚ್ಚಿತು. ಮೂಗಿಗಿಂತ ಮೂಗುತಿ ಭಾರ.

ಆಗ ಒಂದು ಪ್ರಶ್ನೆ ಕಾಡಿತು. ಈ ಕೋಡ್ ಇಷ್ಟು ವರ್ಷ ಹೇಗೆ ಓಡಿತು? ಮೂಲ ಲೇಖಕರು ಜಾಣರು ಅಂತ ಆಗಲೇ ಗೊತ್ತಾಗಿತ್ತು. ಕೀಲಿ ಕೊಡುವ ಸಾಲನ್ನು ಕೊನೆಗೆ ಬದಲಿಸಿದ್ದು ಯಾರು ಎಂದು ಗಿಟ್ ಬ್ಲೇಮ್ ಮಾಡಿದರೆ ಸಿಕ್ಕಿದ್ದು ಟ್ಯಾಬ್ ಸರಿ ಮಾಡಿದ ಒಂದು ಕಮಿಟ್ (ದಾಖಲಾದ ಬದಲಾವಣೆ), ಉಪಯೋಗವಿಲ್ಲ. ಗಿಟ್ ಲಾಗ್‌ನಲ್ಲಿ ಮಾಡ್‌ಟೈಮರ್ ಎಂಬ ಪದ ಯಾವ ಯಾವ ಕಮಿಟ್‌ನಲ್ಲಿ ಬಂದು ಹೋಗಿದೆ ಎಂದು ಹುಡುಕಿದೆ. ಮೊದಲ ಆವೃತ್ತಿಯಲ್ಲಿ ಪ್ಯಾಕೆಟ್ ದಾರಿ ಟೇಬಲ್ ಲಾಕ್ ಹಿಡಿದೇ ಹುಡುಕುತ್ತಿತ್ತು, ಲಾಕ್ ಒಳಗೇ ಕೀಲಿ ಕೊಡುತ್ತಿತ್ತು. ಆಗ ಡಿಲೀಟ್ ಆದ ಪೀರ್‌ಗೆ ಕೀಲಿ ಕೊಡಲು ದಾರಿಯೇ ಇರಲಿಲ್ಲ. ಆಮೇಲೆ ಯಾರೋ ವೇಗಕ್ಕಾಗಿ ಹುಡುಕಾಟವನ್ನು ಆರ್‌ಸಿಯುಗೆ ಬದಲಿಸಿದರು. ಕಮಿಟ್ ಸಂದೇಶದಲ್ಲಿ ವೇಗದ ಅಂಕಿಗಳೆಲ್ಲ ಇವೆ. ಟೇಬಲ್ ಕೆಡದಂತೆ ನೋಡಿಕೊಂಡಿದ್ದಾರೆ, ಫ್ರೀ ತಡ ಮಾಡಿದ್ದಾರೆ. ಎಲ್ಲ ಸರಿ. ಆದರೆ ಆ ಲಾಕ್ ಎರಡು ಕೆಲಸ ಮಾಡುತ್ತಿತ್ತು. ಒಂದು, ಟೇಬಲ್ ಕಾಯುವುದು. ಇನ್ನೊಂದು, ಸತ್ತವರ ಗಡಿಯಾರಕ್ಕೆ ಯಾರೂ ಕೀಲಿ ಕೊಡದಂತೆ ತಡೆಯುವುದು. ಎರಡನೆಯದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಲಾಕ್ ಹೋದಾಗ ಅದೂ ಸದ್ದಿಲ್ಲದೆ ಹೋಯಿತು.

ಇದು ನಮ್ಮೊಬ್ಬರ ಕಥೆ ಅಲ್ಲ. 2016ರ ಡಿಸೆಂಬರ್‌ನಲ್ಲಿ ಪ್ಯಾಕೆಟ್ ಸಾಕೆಟ್‌ನಲ್ಲಿ ಸಿಕ್ಕ ಸಿವಿಇ-2016-8655 ಎಂಬ ದಾಖಲಾದ ಭದ್ರತಾ ದೋಷ ಇದರ ಅಣ್ಣ. ಒಂದು ಥ್ರೆಡ್ ರಿಂಗ್ ಬಫರ್ ಕಟ್ಟುತ್ತಿರುವಾಗ ಇನ್ನೊಂದು ಥ್ರೆಡ್ ಸಾಕೆಟ್‌ನ ಆವೃತ್ತಿ ಬದಲಿಸಿದರೆ, ಸಾಕೆಟ್ ಮುಚ್ಚುವಾಗ ಟೈಮರ್ ನಿಲ್ಲಿಸುವ ಹೆಜ್ಜೆ ತಪ್ಪಿಹೋಗುತ್ತಿತ್ತು. ಫ್ರೀ ಆದ ಮೆಮೊರಿಯಲ್ಲಿ ಟೈಮರ್ ಉಳಿಯುತ್ತಿತ್ತು, ಅದರೊಳಗಿನ ಫಂಕ್ಷನ್ ಪಾಯಿಂಟರನ್ನು ಬದಲಿಸಿ ಸಾಮಾನ್ಯ ಬಳಕೆದಾರ ರೂಟ್ (ಯಂತ್ರದ ಪೂರ್ಣ ಒಡೆಯ) ಆಗಬಹುದಿತ್ತು. 2011ರಿಂದ ಆ ತಪ್ಪು ಅಲ್ಲೇ ಕೂತಿತ್ತು. ಅಂದರೆ ನಮ್ಮದು ಬರೀ ಕ್ರ್ಯಾಶ್ ಎಂದು ಸಮಾಧಾನ ಪಡುವ ಹಾಗೂ ಇರಲಿಲ್ಲ.

ಮೂರನೇ ಆವೃತ್ತಿಯಲ್ಲಿ ಲಾಕ್ ಬಿಟ್ಟು ಎಣಿಕೆಗೆ ಬಂದೆ. ಪೀರ್‌ಗೆ ರೆಫರೆನ್ಸ್ ಎಣಿಕೆ, ಅಂದರೆ ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಲೆಕ್ಕ, ಇತ್ತು. ಸೊನ್ನೆ ಆದರೆ ಫ್ರೀ. ಟೇಬಲ್‌ನದು ಒಂದು. ಕೀಲಿ ಇರುವ ಟೈಮರ್ ಕೂಡ ಒಂದು ಹಿಡಿದಿರಲಿ, ಆಗ ಟೈಮರ್ ಜೀವಂತ ಇರುವವರೆಗೆ ಪೀರ್ ಸಾಯಲಾರದು. ಇಲ್ಲೂ ಒಂದು ಹೊಂಡವಿದೆ. ಕೀಲಿ ಕೊಟ್ಟು ಆಮೇಲೆ ಎಣಿಕೆ ಏರಿಸಿದರೆ, ಆ ನಡುವೆ ಟೈಮರ್ ಹೊಡೆದು ಎಣಿಕೆ ಸೊನ್ನೆ ಆಗಿಬಿಡಬಹುದು. ಹಾಗಾಗಿ ಮೊದಲು ಏರಿಸಬೇಕು, ಅದೂ ಸೊನ್ನೆ ಅಲ್ಲದಿದ್ದರೆ ಮಾತ್ರ ಏರಿಸುವ ಫಂಕ್ಷನ್ ಬಳಸಿ. ಟೈಮರ್‌ಗೆ ಆಗಲೇ ಕೀಲಿ ಇತ್ತು ಎಂದು ಮಾಡ್‌ಟೈಮರ್ ಹೇಳಿದರೆ ಏರಿಸಿದ್ದನ್ನು ಇಳಿಸಬೇಕು. 6.2 ಕರ್ನಲ್‌ನಲ್ಲಿ ಬಂದ ಟೈಮರ್ ಶಟ್‌ಡೌನ್ ಇದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ. ಒಮ್ಮೆ ಮುಚ್ಚಿದ ಟೈಮರ್‌ಗೆ ಆಮೇಲೆ ಯಾರು ಕೀಲಿ ಕೊಟ್ಟರೂ ಅದು ಕೇಳಿಸಿಕೊಳ್ಳುವುದಿಲ್ಲ. ನಮ್ಮ ಯಂತ್ರಗಳಲ್ಲಿ ಅದಕ್ಕಿಂತ ಹಳೆಯ ಕರ್ನಲ್ ಇತ್ತು.

ಎಂಡಿಲೇ ಎಲ್ಲಿ ತುರುಕಿದರೂ ಈ ಆವೃತ್ತಿ ಬೀಳಲಿಲ್ಲ. ರಿವ್ಯೂಗೆ ಕಳಿಸಿದೆ. ನೋಡಿದ್ದು ನಮ್ಮ ತಂಡದ ಹಿರಿಯರೊಬ್ಬರು. ಮೂರು ಕಾಲಂ ಹಾಳೆಯನ್ನು ಅವರ ಮುಂದಿಟ್ಟು, ಎಲ್ಲ ವಿವರಿಸಿದೆ. ಅವರು ಪ್ಯಾಚ್ ನೋಡಲೇ ಇಲ್ಲ, ಹಾಳೆಯನ್ನೇ ನೋಡುತ್ತಿದ್ದರು.

"ಎಲ್ಲ ಸರಿ ಇದೆ. ಆದ್ರೆ ಪ್ರತಿ ಪ್ಯಾಕೆಟ್ಟೂ ಈ ಟೈಮರ್ ಯಾಕೆ ಮುಟ್ಬೇಕು?"

"ಸರ್, ಹತ್ತು ಸೆಕೆಂಡ್ ಮುಂದಕ್ಕೆ ಹಾಕೋಕೆ."

"ಅದು ಟೈಮರ್ ಕೆಲಸ. ಪ್ಯಾಕೆಟ್ ಬಂದಿದ್ದು ಎಷ್ಟು ಹೊತ್ತಿಗೆ ಅಂತ ಬರೆದಿಟ್ಟು ಹೋಗ್ಲಿ. ಟೈಮರ್ ಎದ್ದಾಗ ಅದೇ ನೋಡ್ಕೊಳ್ಳುತ್ತೆ."

ನಾನು ಸುಮ್ಮನೆ ಕೂತೆ. ಕರ್ನಲ್‌ನ ಬ್ರಿಡ್ಜ್ ಕೋಡ್ ಮ್ಯಾಕ್ ವಿಳಾಸಗಳನ್ನು ಹಳತು ಮಾಡುವುದು ಹೀಗೇ. ಪ್ಯಾಕೆಟ್ ಬಂದಾಗ ಸಮಯ ಬರೆಯುತ್ತದೆ, ಗುಡಿಸುವವರು ಬೇರೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ.

ನಾಲ್ಕನೇ ಆವೃತ್ತಿ ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ಪ್ಯಾಕೆಟ್ ದಾರಿ ಈಗಿನ ಜಿಫಿಯನ್ನು (ಕರ್ನಲ್‌ನ ಸಮಯದ ಎಣಿಕೆ) ಪೀರ್‌ನಲ್ಲಿ ಬರೆಯುತ್ತದೆ, ಬೇರೇನೂ ಮಾಡುವುದಿಲ್ಲ. ಇಲ್ಲಿ ರೈಟ್‌ವನ್ಸ್ ಹಚ್ಚಿದ್ದಕ್ಕೆ ಅರ್ಥವಿತ್ತು. ಅದೇ ಅಂಕಿ ಆಗಲೇ ಅಲ್ಲಿದ್ದರೆ ಬರೆಯುವುದೂ ಇಲ್ಲ. ಎಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್) 250 ಇರುವ ಯಂತ್ರದಲ್ಲಿ ಜಿಫಿ ಬದಲಾಗುವುದು 4 ಮಿಲಿಸೆಕೆಂಡ್‌ಗೊಮ್ಮೆ, ಹಾಗಾಗಿ ಲಕ್ಷ ಪ್ಯಾಕೆಟ್ ಬಂದರೂ ಆ ಮೆಮೊರಿ ತುಣುಕು (ಕ್ಯಾಶ್ ಲೈನ್) ಸಿಪಿಯುಗಳ ನಡುವೆ ಚೆಂಡಿನಂತೆ ಓಡಾಡುವುದಿಲ್ಲ. ಟೈಮರ್ ಎದ್ದಾಗ ಲಾಕ್ ಹಿಡಿದು, ಪೀರ್ ಸತ್ತಿದೆಯೇ ಎಂದು ನೋಡುತ್ತದೆ. ಬದುಕಿದ್ದು, ಕೊನೆಯ ಪ್ಯಾಕೆಟ್ ಬಂದು 6 ಸೆಕೆಂಡ್ ಆಗಿದ್ದರೆ, ಉಳಿದ 4 ಸೆಕೆಂಡ್‌ಗೆ ತಾನೇ ಕೀಲಿ ಕೊಟ್ಟುಕೊಳ್ಳುತ್ತದೆ. ಮೊದಲ ಕೀಲಿ ಪೀರ್ ಹುಟ್ಟಿದಾಗ. ಆಮೇಲೆ ಕೀಲಿ ಕೊಡುವವರು ಇಡೀ ಮಾಡ್ಯೂಲ್‌ನಲ್ಲಿ ಒಬ್ಬರೇ, ಅವರ ಕೈಯಲ್ಲಿ ರೆಫರೆನ್ಸ್ ಆಗಲೇ ಇದೆ. ಸೊನ್ನೆ ಅಲ್ಲದಿದ್ದರೆ ಏರಿಸುವ ಸರ್ಕಸ್ ಎಲ್ಲ ಹೋಯಿತು.

ಒಂದು ರೇಸ್ ಇನ್ನೂ ಇದೆ, ಬೇಕೆಂದೇ ಬಿಟ್ಟೆ. ಟೈಮರ್ ಸಮಯ ಓದಿ ಪೀರನ್ನು ತೆಗೆಯಲು ತೀರ್ಮಾನಿಸಿದ ಮರುಕ್ಷಣ ಒಂದು ಪ್ಯಾಕೆಟ್ ಬಂದರೆ, ಆ ಪೀರ್ ಸ್ವಲ್ಪ ಅನ್ಯಾಯವಾಗಿ ಹೋಗುತ್ತದೆ. ಹೋಗಲಿ. ಹತ್ತು ಸೆಕೆಂಡ್ ಸುಮ್ಮನಿದ್ದವನು, ಮುಂದಿನ ಪ್ಯಾಕೆಟ್‌ಗೆ ಮತ್ತೆ ಸೇರುತ್ತಾನೆ. ಮೆಮೊರಿ ಕೆಡುವುದಿಲ್ಲ. ಇದನ್ನೂ ಮುಚ್ಚಲು ಹೋಗಿದ್ದರೆ ಮತ್ತೆ ಪ್ಯಾಕೆಟ್ ದಾರಿಗೆ ಲಾಕ್ ತರಬೇಕಿತ್ತು. ಕೋಡ್‌ನಲ್ಲಿ ಎರಡು ಸಾಲು ಕಾಮೆಂಟ್ ಬರೆದೆ, ಇಲ್ಲದಿದ್ದರೆ ನಾಳೆ ಯಾರಾದರೂ ಇದನ್ನು 'ಸರಿ' ಮಾಡಲು ಬರುತ್ತಾರೆ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಸಾನ್, ಲಾಕ್‌ಡೆಪ್, ಡೀಬಗ್ ಆಬ್ಜೆಕ್ಟ್ಸ್ ಎಲ್ಲ ಹಚ್ಚಿ, ಎಂಡಿಲೇಗಳನ್ನು ಬೇರೆ ಬೇರೆ ಸಂದಿಯಲ್ಲಿಟ್ಟು ಮೂರು ದಿನ ಓಡಿಸಿದೆ. ನಡುನಡುವೆ ಪ್ಯಾಚ್ ತೆಗೆದು ಅದೇ ಸ್ಕ್ರಿಪ್ಟ್ ಓಡಿಸುತ್ತಿದ್ದೆ. ಆಗ ಮೂರು ನಿಮಿಷಕ್ಕೆ ಬೀಳಬೇಕು. ಬೀಳದಿದ್ದರೆ ನನ್ನ ಪರೀಕ್ಷೆಯೇ ಕೆಟ್ಟಿದೆ ಎಂದರ್ಥ. ಒಮ್ಮೆ ಹಾಗೆ ಆಯಿತು ಕೂಡ, ಎಂಡಿಲೇ ಹಾಕಿದ ಫೈಲ್ ಕಂಪೈಲೇ ಆಗಿರಲಿಲ್ಲ.

ಕಮಿಟ್ ಸಂದೇಶ ಪ್ಯಾಚ್‌ಗಿಂತ ಉದ್ದವಾಯಿತು. ಹಾಳೆಯ ಮೂರು ಕಾಲಂ ಹಾಗೇ ಅಲ್ಲಿಗೆ ಇಳಿಸಿದೆ, ಸಿಪಿಯು 0, 1, 2. ತಪ್ಪು ತಂದ ಕಮಿಟ್ ಹೆಸರಿಸುವ ಫಿಕ್ಸಸ್ ಸಾಲಿನಲ್ಲಿ ಮೂಲ ಕಮಿಟ್ ಹಾಕಲಿಲ್ಲ, ಆರ್‌ಸಿಯುಗೆ ಬದಲಿಸಿದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ ಹಾಕಿದೆ. ಹಳೆಯ ಕರ್ನಲ್‌ಗಳಿಗೆ ಇದನ್ನು ಒಯ್ಯುವವರು ಆ ಸಾಲು ನೋಡಿಯೇ ತಮಗೆ ಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಅದಕ್ಕಿಂತ ಹಳೆಯ ಕೋಡ್‌ನಲ್ಲಿ ಈ ಬಗ್ ಇರಲೇ ಇಲ್ಲ.

ಪ್ಯಾಚ್ ಸೇರಿದ ದಿನ, ಅದೇ ಆರ್‌ಸಿಯು ಕಮಿಟ್ ಮತ್ತೆ ತೆರೆದೆ. ಅದು ಮುಟ್ಟಿದ್ದು ನಾಲ್ಕು ಫೈಲ್. ನಾನು ನೋಡಿದ್ದು ಒಂದನ್ನು. ಎರಡನೇ ಫೈಲ್‌ನಲ್ಲಿ ಮಾಡ್‌ಟೈಮರ್ ಹುಡುಕಿದೆ, ಪ್ಯಾಕೆಟ್ ದಾರಿಯಲ್ಲೇ ಒಂದು ಸಿಕ್ಕಿತು. ಹೊಸ ಹಾಳೆ ತೆಗೆದುಕೊಂಡೆ. ಈ ಸಲ ಮೊದಲೇ ಮೂರು ಕಾಲಂ ಎಳೆದೆ.